ಹೂತಿಟ್ಟ ಮೃತ್ಯುವೂ ರಾಷ್ಟ್ರಗಳ ಸಹಕಾರವೂ

ನಮ್ಮ ಅಮೃತಹಳ್ಳಿಯಿಂದ ಹೆಬ್ಬಾಳದ ಮಾರ್ಗವಾಗಿ ದಂಡಿನ ಕಡೆಗೆ ಹೋದರೆ, ಹಲಸೂರು ಕೆರೆಯ ಬಳಿಯಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪ್ ಎಂಬ ಸೇನಾದಳದ ಕೇಂದ್ರವಿರುವುದು. ಈ ದಳದ ಮೂಲವು 1780ನೆಯ ಇಸವಿಯದು. ಇದರ ಸಿಪಾಯಿಗಳಿಗೆ ಸ್ಯಾಪರುಗಳೆಂದು ಹೆಸರು. ಸೇನೆಗೆ ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರುಗಳು ನೆಲದಲ್ಲಿ ಹೂಳಿದ ಬಾಂಬುಗಳನ್ನು ತೆಗೆಯುವುದು ಇವೇ ಮೊದಲಾದವು ಇವರ ಕೆಲಸಗಳು. ಇಲ್ಲಿಯೇ 1912ರಲ್ಲಿ ಕ್ಯಾಪ್ಟನ್ ಮೆಕ್ಲಿಂಟಾಕ್ ಎಂಬ ಅಧಿಕಾರಿಯು ಒಂದು ಸಾಧನವನ್ನು ರಚಿಸಿದನು. ಸಿಡಿಮದ್ದನ್ನು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ದೂರದಿಂದಲೇ ಮುಂದಕ್ಕೆ ನೂಕಿ ಸಿಡಿಸಿದರೆ, ಎದುರಿನ ಮುಳ್ಳುತಂತಿಯೂ ಹೂತ ಬಾಂಬುಗಳೂ ಹಾರಿಹೋಗಿ ಕಿರಿದಾದೊಂದು ದಾರಿ ತೆರೆಯುವುದು. ಇದಕ್ಕೆ ‘ಬ್ಯಾಂಗಲೋರ್ ಟಾರ್ಪೆಡೊ’ ಎಂದು ಹೆಸರಾಯಿತು. 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ಸೈನ್ಯಗಳೂ ಇದನ್ನು ಉಪಯೋಗಿಸಿದವು. ಹೀಗೆ ನಮ್ಮ ಊರಿನ ಹೆಸರು ಜಗತ್ತಿನ ಯುದ್ಧಭೂಮಿಗಳಿಗೆ ಹೋಯಿತು.

ಆದರೆ, ವಿದ್ಯಾರ್ಥಿನಿಯರೇ, ಇಲ್ಲಿ ಒಂದು ಭೇದವನ್ನು ಚೆನ್ನಾಗಿ ತಿಳಿಯಬೇಕು. ಸೈನ್ಯಕ್ಕೆ ಬೇಕಾದುದು ಒಂದು ದಾರಿ ಮಾತ್ರ. ಅದರ ಎಡಬಲಗಳಲ್ಲಿ ಬಾಂಬುಗಳು ಉಳಿದರೂ ಸೈನ್ಯವು ಮುಂದೆ ಸಾಗುವುದು. ಯುದ್ಧವು ಮುಗಿದ ಮೇಲೆ ಆ ನೆಲಕ್ಕೆ ಹಿಂದಿರುಗುವ ಒಕ್ಕಲಿಗನಿಗಾದರೋ ಇಡೀ ಹೊಲವೇ ಬೇಕು. ಬದುವಿನಲ್ಲಿ ನಾಗರಹಾವು ಒಂದೇ ಇದೆಯೆಂದು ಕೇಳಿದರೆ, ಆ ರಾಗಿಯ ಹೊಲಕ್ಕೆ ಕಳೆ ಕೀಳಲು ಯಾರೂ ಇಳಿಯುವುದಿಲ್ಲವಷ್ಟೆ. ನೆಲಬಾಂಬೂ ಹಾಗೆಯೇ. ಹಾವಾದರೆ ಬೇರೆಡೆಗೆ ಹರಿದುಹೋದೀತು. ಹೂತ ಬಾಂಬು ಹತ್ತಾರು ವರ್ಷಗಳವರೆಗೆ ಇದ್ದಲ್ಲಿಯೇ ಕಾದಿರುವುದು. ಅದನ್ನು ಹೂತವರು ಒಪ್ಪಂದ ಮಾಡಿಕೊಂಡು ಮನೆಗೆ ಹೋಗಿರುವರು. ಅದು ಯಾವ ಒಪ್ಪಂದವನ್ನೂ ಅರಿಯದು. ಸಿಪಾಯಿಯ ಬೂಟು ಯಾವುದು, ಸೌದೆ ಆರಿಸಲು ಹೋದ ಹುಡುಗಿಯ ಬರಿಗಾಲು ಯಾವುದು ಎಂಬುದೂ ಅದಕ್ಕೆ ತಿಳಿಯದು.

ಈ ಅನರ್ಥವನ್ನು ತಡೆಯಲು ಅನೇಕ ದೇಶಗಳ ಸಂಘಗಳು ಕೂಡಿ ಪ್ರಯತ್ನಿಸಿದುದರ ಫಲವಾಗಿ, 1997ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾ ನಗರದಲ್ಲಿ ಒಂದು ಒಪ್ಪಂದಕ್ಕೆ ರಾಷ್ಟ್ರಗಳು ಸಹಿಹಾಕಿದವು. ಅದೇ ವರ್ಷದ ನೊಬೆಲ್ ಶಾಂತಿ ಪಾರಿತೋಷಕವು ಈ ಚಳವಳಿಗೂ ಅದನ್ನು ನಡೆಸಿದ ಜೋಡಿ ವಿಲಿಯಮ್ಸ್ ಎಂಬ ಮಹಿಳೆಗೂ ದೊರೆಯಿತು. 1999ರ ಮಾರ್ಚಿ 1ರಿಂದ ಜಾರಿಗೆ ಬಂದ ಈ ಒಪ್ಪಂದದ ಪ್ರಕಾರ, ಸೇರಿದ ರಾಷ್ಟ್ರವು ಮನುಷ್ಯರ ಮೇಲೆ ಪ್ರಯೋಗಿಸುವ ನೆಲಬಾಂಬುಗಳನ್ನು ಮಾಡಕೂಡದು, ಮಾರಕೂಡದು, ಹೂಳಕೂಡದು. ದಾಸ್ತಾನನ್ನು 4 ವರ್ಷಗಳೊಳಗೆ ನಾಶಮಾಡತಕ್ಕದ್ದು. ಹೂತವುಗಳನ್ನು 10 ವರ್ಷಗಳೊಳಗೆ ತೆಗೆಯತಕ್ಕದ್ದು. ಶಕ್ತಿಯುಳ್ಳ ರಾಷ್ಟ್ರಗಳು ಗಾಯಗೊಂಡವರ ಚಿಕಿತ್ಸೆಗೂ ಜೀವನೋಪಾಯಕ್ಕೂ ನೆರವಾಗಬೇಕೆಂಬ ವಿಧಿಯೂ ಅದರಲ್ಲಿ ಉಂಟು. ಆಫ್ರಿಕದ ಮೊಜಾಂಬಿಕ್ ದೇಶವು ಇಂಥ ನೆರವಿನಿಂದಲೇ 2015ರಲ್ಲಿ ತನ್ನ ನೆಲವು ಶುದ್ಧವಾಯಿತೆಂದು ಸಾರಿತು.

ತೆಗೆಯುವ ಕೆಲಸವು ಬಹು ನಿಧಾನವಾದುದು. ಲೋಹವನ್ನು ಗುರುತಿಸುವ ಯಂತ್ರವನ್ನು ನೆಲದ ಮೇಲೆ ಆಡಿಸುತ್ತ, ಅದು ಕೂಗಿದೆಡೆಯಲ್ಲಿ ಮಂಡಿಯೂರಿ, ಸರಳನ್ನು ಓರೆಯಾಗಿ ಮೆಲ್ಲನೆ ಚುಚ್ಚಿ ನೋಡಬೇಕು. ಹತ್ತು ಸಲ ಮೊಳೆಯೋ ತಗಡಿನ ಚೂರೋ ಸಿಕ್ಕೀತು. ಆದರೂ ಹನ್ನೊಂದನೆಯ ಸಲ ಆತುರಪಡಕೂಡದು. ಬಾಂಬು ಪ್ಲಾಸ್ಟಿಕ್ಕಿನದಾದರೆ ಯಂತ್ರಕ್ಕೂ ಸುಲಭವಾಗಿ ತಿಳಿಯದು. ಆದುದರಿಂದ ಮದ್ದಿನ ವಾಸನೆಯನ್ನು ಹಿಡಿಯುವ ನಾಯಿಗಳಿಗೂ, ಆಫ್ರಿಕದ ಒಂದು ಜಾತಿಯ ದೊಡ್ಡ ಇಲಿಗಳಿಗೂ ಶಿಕ್ಷಣ ಕೊಟ್ಟಿರುವರು. ಇಲಿಯು ಹಗುರವಾದ ಪ್ರಾಣಿಯಾದುದರಿಂದ ಅದು ಮೇಲೆ ನಡೆದರೆ ಬಾಂಬು ಸಿಡಿಯುವುದಿಲ್ಲ. ಕಾಂಬೋಡಿಯಾದಲ್ಲಿ ದುಡಿದ ಮಗಾವಾ ಎಂಬ ಇಲಿಗೆ 2020ರಲ್ಲಿ ಚಿನ್ನದ ಪದಕವೇ ದೊರೆಯಿತು. ಶ್ರೀಲಂಕೆಯ ಉತ್ತರ ಭಾಗದಲ್ಲಿ 2009ರಲ್ಲಿ ಯುದ್ಧವು ಮುಗಿದ ಮೇಲೆ ಈ ಕೆಲಸಕ್ಕೆ ಭಾರತದಿಂದಲೂ ತಂಡಗಳು ಹೋದವು. ಅಲ್ಲಿನ ಸ್ತ್ರೀಯರೂ ತರಬೇತಿ ಹೊಂದಿ ತಮ್ಮ ಊರಿನ ನೆಲವನ್ನು ಅಂಗುಲ ಅಂಗುಲವಾಗಿ ಶೋಧಿಸಿದರು.

ಇನ್ನು ಗಾಯಗೊಂಡವರ ವಿಷಯ. ನೆಲವು ಒಮ್ಮೆ ಶುದ್ಧವಾದರೆ ಶುದ್ಧವಾದಂತೆಯೇ. ಹೋದ ಕಾಲು ಮಾತ್ರ ಮರಳದು. ದೊಡ್ಡವರ ಕೃತಕ ಕಾಲು ಕೆಲವು ವರ್ಷ ಬಾಳುವುದು. ಬೆಳೆಯುವ ಮಗುವಿಗಾದರೋ ಲಂಗ ಗಿಡ್ಡವಾದಂತೆ ಕಾಲೂ ಗಿಡ್ಡವಾಗುವುದರಿಂದ, ಆರು ತಿಂಗಳಿಗೋ ವರ್ಷಕ್ಕೋ ಹೊಸದು ಬೇಕಾಗುವುದು. ಆದಕಾರಣ ಒಮ್ಮೆ ದಾನ ಮಾಡಿ ಕೈತೊಳೆದುಕೊಂಡರೆ ಸಾಲದು. ಅಳತೆ ತೆಗೆದು, ಮಾಡಿ, ತೊಡಿಸಿ, ನಡೆಯಲು ಕಲಿಸುವ ಜನರು ಆಯಾ ದೇಶದಲ್ಲಿಯೇ ಇರಬೇಕು.

ಇದರಲ್ಲಿ ಭಾರತವು ಜಗತ್ತಿಗೆ ದೊಡ್ಡ ಉಪಕಾರವನ್ನು ಮಾಡಿದೆ. 1968ರ ಸುಮಾರಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮರೂ ಡಾಕ್ಟರ್ ಪಿ. ಕೆ. ಸೇಠಿಯವರೂ ರಬ್ಬರು ಮತ್ತು ಮರದಿಂದ ಒಂದು ಪಾದವನ್ನು ರೂಪಿಸಿದರು. ಪಾಶ್ಚಾತ್ಯ ದೇಶಗಳ ಪಾದವು ಬೂಟಿನೊಳಗೆ ಇರತಕ್ಕದ್ದು. ಈ ಜೈಪುರ ಪಾದವಾದರೋ ಬರಿಗಾಲಿನಲ್ಲಿ ನಡೆಯಲು, ಕೆಸರಿನಲ್ಲಿ ಇಳಿಯಲು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂಡಲು ಅನುಕೂಲವಾದುದು. ಆಫ್ಘಾನಿಸ್ಥಾನ ಮತ್ತು ಕಾಂಬೋಡಿಯಾಗಳಲ್ಲಿ ನೆಲಬಾಂಬಿಗೆ ತುತ್ತಾದವರು ಇದರಿಂದ ಮತ್ತೆ ನಡೆದರು. ನಮ್ಮ ಬೆಂಗಳೂರಿನ ಜಯಪ್ರಕಾಶ ನಗರದಲ್ಲಿಯೂ 1994ರಲ್ಲಿ ಆರಂಭವಾದ ‘ಮೊಬಿಲಿಟಿ ಇಂಡಿಯಾ’ ಎಂಬ ಸಂಸ್ಥೆಯು ಕೃತಕ ಅವಯವಗಳನ್ನು ಮಾಡುವ ವಿದ್ಯೆಯನ್ನು ಕಲಿಸುತ್ತದೆ. ನೆರೆಯ ದೇಶಗಳವರೂ ಇಲ್ಲಿ ಕಲಿತು ತಮ್ಮ ಜನರ ಸೇವೆಗೆ ಹಿಂದಿರುಗಿರುವರು. ದಾರಿ ತೆರೆಯುವ ಕೊಳವೆಗೆ ಹೆಸರಾದ ಊರು ಕಾಲು ಕೊಡುವ ವಿದ್ಯೆಗೂ ಹೆಸರಾಗುವುದು ನಮಗೆ ಸಂತೋಷದ ಸಂಗತಿ.

ಹೀಗಿದ್ದರೂ ಭಾರತವು ಒಟ್ಟಾವಾ ಒಪ್ಪಂದಕ್ಕೆ ಸೇರಿಲ್ಲವೆಂಬುದನ್ನು ಮರೆಮಾಚಲಾಗದು. ನಮ್ಮ ಗಡಿಗಳು ದೀರ್ಘವಾದವು, ಅವುಗಳ ರಕ್ಷಣೆಗೆ ಬೇರೆ ಉಪಾಯ ದೊರೆಯುವವರೆಗೆ ಬಾಂಬುಗಳನ್ನು ಪೂರ್ಣವಾಗಿ ಬಿಡಲಾಗದು ಎಂಬುದು ಸರಕಾರದ ವಾದ. ಬಾಂಬುಗಳ ಬಳಕೆಗೆ ಮಿತಿಯನ್ನು ವಿಧಿಸುವ ಇನ್ನೊಂದು ಒಪ್ಪಂದಕ್ಕೆ ಮಾತ್ರ ನಮ್ಮ ದೇಶವು ಸೇರಿದೆ. 2001–02ರಲ್ಲಿ ಪಶ್ಚಿಮದ ಗಡಿಯಲ್ಲಿ ಬಾಂಬುಗಳನ್ನು ಹೂಳಲಾಯಿತು, ಯುದ್ಧವು ನಡೆಯಲಿಲ್ಲ, ಆದರೂ ಹೂಳುವಾಗ, ತೆಗೆಯುವಾಗ ಸಿಪಾಯಿಗಳೂ ಹೊಲಕ್ಕೆ ಹೋದ ರೈತರೂ ಗಾಯಗೊಂಡರು, ಪ್ರಾಣವನ್ನೂ ಕಳೆದುಕೊಂಡರು. ಭಯವು ನಮ್ಮೊಬ್ಬರದೇ ಅಲ್ಲ. ಒಪ್ಪಂದದಲ್ಲಿದ್ದ ಫಿನ್ಲೆಂಡ್, ಪೋಲೆಂಡ್ ಮತ್ತು ಬಾಲ್ಟಿಕ್ ತೀರದ ಮೂರು ರಾಜ್ಯಗಳು ರಷ್ಯದ ಭಯದಿಂದ 2025ರಲ್ಲಿ ಹೊರಬರಲು ನಿಶ್ಚಯಿಸಿದವು. ಗಡಿಯನ್ನು ಕಾಯುವವರ ಕಷ್ಟವನ್ನು ಮನೆಯಲ್ಲಿ ಕುಳಿತ ನಾವು ಹಗುರವಾಗಿ ಎಣಿಸಕೂಡದು. ಆದರೂ ಶತ್ರುವನ್ನು ತಡೆಯಲು ಹೂತದ್ದು ಶತ್ರು ಹೋದ ಮೇಲೆ ನಮ್ಮದೇ ಮಕ್ಕಳನ್ನು ಕಾಯುತ್ತ ಕೂತಿರುವುದಾದರೆ, ಅಂಥ ರಕ್ಷಣೆಗೆ ತೆರುವ ಬೆಲೆ ಎಷ್ಟೆಂದು ಲೆಕ್ಕ ಹಾಕುವುದು ಪ್ರಜೆಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ವಿಶ್ವಸಂಸ್ಥೆಯು ಏಪ್ರಿಲ್ 4ನೆಯ ತಾರೀಖನ್ನು ಈ ವಿಷಯದ ತಿಳಿವಳಿಕೆಗಾಗಿ ಮೀಸಲಿಟ್ಟಿದೆ. ಆ ದಿನ ಭೂಪಟವನ್ನು ಬಿಡಿಸಿ ಮೊಜಾಂಬಿಕ್, ಕಾಂಬೋಡಿಯಾ, ಶ್ರೀಲಂಕೆಗಳನ್ನು ಗುರುತಿಸಿರಿ. ಬಳಿಕ ಈ ಮೂರು ಪ್ರಶ್ನೆಗಳಿಗೆ ನಿಮ್ಮ ಮಾತಿನಲ್ಲಿಯೇ ಉತ್ತರ ಬರೆಯಿರಿ: ಸೈನ್ಯದ ದಾರಿಗೂ ರೈತನ ಹೊಲಕ್ಕೂ ಇರುವ ಭೇದವೇನು? ಬೆಳೆಯುವ ಮಗುವಿಗೆ ಒಂದೇ ಕೃತಕ ಕಾಲು ಏಕೆ ಸಾಲದು? ಭಾರತವು ಒಪ್ಪಂದಕ್ಕೆ ಸೇರಬೇಕೆ, ಬೇಡವೆ? ಮೂರನೆಯದಕ್ಕೆ ನಿಮ್ಮ ಉತ್ತರವು ಯಾವುದಾದರೂ ಆಗಲಿ. ಬರೆಯುವಾಗ ಗಡಿಯ ಸಿಪಾಯಿಯನ್ನೂ ಸೌದೆ ತರಲು ಹೋದ ಹುಡುಗಿಯನ್ನೂ ಇಬ್ಬರನ್ನೂ ನೆನೆದು ಬರೆಯಿರಿ.