ಬಕೆಟ್ಟಿನೊಳಗಿನ ಬೇರಿಗೂ ಉಸಿರು ಬೇಕು

ಶಿರಗುಪ್ಪಿಯ ಓದುಗರೊಬ್ಬರ ಮಾಳಿಗೆ ಮೇಲೆ ಬಕೆಟ್ಟಿನಲ್ಲಿ ಮಣ್ಣಿಲ್ಲದೆ ನೀರಲ್ಲೇ ಬೆಳೆದ ಪಾಲಕ್ ಬಾಡುತ್ತಿದೆ. ಬೇರು ಕಂದಾಗಿ ಲೋಳೆ ಹಿಡಿದಿದೆ. ಕಂಠಮಟ್ಟ ನೀರಿದ್ದೂ ಹೀಗೇಕೆ?

ಕೃಷ್ಣಾ ತೀರದ ಕಬ್ಬಿನವರಿಗೆ ಉತ್ತರ ಗೊತ್ತು. ಜವಳು ಹಿಡಿದ ಹೊಲದಲ್ಲಿ ಕಬ್ಬು ಹಳದಿಯಾಗುವುದೂ ಬೇರಿಗೆ ಗಾಳಿ ಸಿಗದೆಯೇ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30ರಲ್ಲಿ ಏಳೂವರೆ ಮಾತ್ರ. ಏಪ್ರಿಲ್ ಬಿಸಿಲಿಗೆ ಕಪ್ಪು ಬಕೆಟ್ ಇಟ್ಟರೆ ಅದೂ ಉಳಿಯದು.

ಸಸಿ ಎಳೆಯದಾಗಿರುವಾಗ ನೀರು ಅದನ್ನು ಕೂರಿಸಿದ ಜಾಳಿಗೆ ಕುಂಡದ ತಳ ಮುಟ್ಟಲಿ. ಬೇರು ಇಳಿದ ಮೇಲೆ ಎರಡು ಬೆರಳಗಲ ಕೆಳಗಿರಲಿ. ಆ ತೆರಪಿನ ತೇವದ ಗಾಳಿಯಲ್ಲೇ ಮೇಲಿನ ಬೇರು ಉಸಿರಾಡುತ್ತದೆ. ಮೀನಿನ ತೊಟ್ಟಿಯ ಏರ್ ಪಂಪ್ ಹಗಲಿರುಳು ಓಡಬೇಕು. ಕರೆಂಟ್ ಹೋದರೆ? ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಿರಬೇಕು, ಬೇಸರವಾದರೂ.

ಬಕೆಟ್ಟಿಗೆ ಒದ್ದೆ ಗೋಣಿಚೀಲ ಸುತ್ತಿ ನೆರಳಿಗಿಡುವುದು ಒಳ್ಳೆಯದು. ಲೋಳೆ ಹಿಡಿದ ಗಿಡದ ಆಸೆ ಬಿಟ್ಟು, ಬಕೆಟ್ ತಿಕ್ಕಿ ತೊಳೆದು ಹೊಸ ಸಸಿ ಇಡಿ.