ಶಾಲೆ ಮತಗಟ್ಟೆಯಾದಾಗ ಯಾರಿಗೆ ಯಾವ ಹಕ್ಕು?

ಲೋಕಸಭೆಯಿರಲಿ, ವಿಧಾನಸಭೆಯಿರಲಿ, ನಮ್ಮಲ್ಲಿ ಬಹಳಷ್ಟು ಮತಗಟ್ಟೆಗಳು ಶಾಲಾ ಕೊಠಡಿಗಳಲ್ಲೇ ಇರುತ್ತವೆ. ಊರಿಗೆಲ್ಲ ಗೊತ್ತಿರುವ, ಯಾವ ಪಕ್ಷಕ್ಕೂ ಸೇರದ ಜಾಗವದು. ಅಲ್ಲಿ ಮತದಾರರು, ಆಡಳಿತ ಮಂಡಳಿ, ಶಿಕ್ಷಕರು ಮೂವರಿಗೂ ಕಾನೂನಿನ ಬೆಂಬಲವಿದೆ. ಮೊದಲೇ ತಿಳಿದು, ಬರವಣಿಗೆಯಲ್ಲಿ ಕೇಳಬೇಕು.

ಮತದಾರರಿಗೆ
1951ರ ಪ್ರಜಾಪ್ರತಿನಿಧಿ ಕಾಯ್ದೆಯ 25ನೇ ಕಲಂ ಪ್ರಕಾರ, ಚುನಾವಣಾ ಆಯೋಗದ ಒಪ್ಪಿಗೆ ಪಡೆದು ಮತಗಟ್ಟೆಗಳ ಪಟ್ಟಿ ಪ್ರಕಟಿಸುವವರು ಜಿಲ್ಲಾ ಚುನಾವಣಾಧಿಕಾರಿ, ನಮ್ಮಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿ. ಮತಗಟ್ಟೆ ದೂರವಾಗಿದ್ದರೆ ಅಥವಾ ಮಹಡಿಯ ಮೇಲಿದ್ದರೆ, ಕರಡು ಪಟ್ಟಿ ಬಂದಾಗಲೇ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಅಥವಾ ತಹಶೀಲ್ದಾರ್ ಕಚೇರಿಗೆ ಆಕ್ಷೇಪಣೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಮತಗಟ್ಟೆಗಳು ಅಂಗವಿಕಲರಿಗೆ ಸುಗಮವಾಗಿರುವಂತೆ ನೋಡಿಕೊಳ್ಳುವ ಹೊಣೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಕಲಂ ಆಯೋಗಕ್ಕೆ ವಹಿಸಿದೆ. ರ‍್ಯಾಂಪ್, ಕುಡಿಯುವ ನೀರು, ಶೌಚಾಲಯ, ಬೆಳಕು ಇಲ್ಲದಿದ್ದರೆ 1950 ಸಹಾಯವಾಣಿಗೆ ದೂರು ಕೊಡಿ. ಮತಗಟ್ಟೆಯಿಂದ 100 ಮೀಟರ್ ಒಳಗೆ ಮತಯಾಚಿಸುವುದು ಪ್ರಜಾಪ್ರತಿನಿಧಿ ಕಾಯ್ದೆಯ 130ನೇ ಕಲಂ ಅಡಿ ಅಪರಾಧ. ಕಂಡರೆ ಅಲ್ಲಿನ ಮತಗಟ್ಟೆ ಅಧಿಕಾರಿಗೆ ತಿಳಿಸಿ, ಇಲ್ಲವೇ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಕಳಿಸಿ.

ಖಾಸಗಿ ಶಾಲೆಗಳಿಗೆ
ಪ್ರಜಾಪ್ರತಿನಿಧಿ ಕಾಯ್ದೆಯ 160ನೇ ಕಲಂ ಅಡಿ ಕಟ್ಟಡವನ್ನು ಮತಗಟ್ಟೆಗಾಗಿ ವಶಕ್ಕೆ ಪಡೆಯಬಹುದು, ಆದೇಶ ಲಿಖಿತವಾಗಿರಬೇಕು. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಹಾಗೆಯೇ, ಸ್ಥಳೀಯ ಬಾಡಿಗೆ ದರವನ್ನು ಗಮನಿಸಿ ಪರಿಹಾರ ಕೊಡಬೇಕೆಂದು 161ನೇ ಕಲಂ ಹೇಳುತ್ತದೆ. ಬೀಗದ ಕೈ ಕೊಡುವ ಮುನ್ನ ಕೊಠಡಿ, ಬೆಂಚು, ಗೋಡೆಗಳ ಫೋಟೊ ತೆಗೆದು, ವಸ್ತುಗಳ ಪಟ್ಟಿಗೆ ಅಧಿಕಾರಿಯ ಸಹಿ ಪಡೆಯಿರಿ. ಹಾನಿಯಾದರೆ ಅದೇ ಸಾಕ್ಷಿ.

ಶಿಕ್ಷಕರಿಗೆ, ಪೋಷಕರಿಗೆ
ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರಿಗೆ ಪಾಠದಾಚೆಗಿನ ಕೆಲಸ ಹಚ್ಚುವುದನ್ನು ನಿಷೇಧಿಸಿದರೂ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗೆ ವಿನಾಯಿತಿ ಕೊಟ್ಟಿದೆ. ಆದರೆ ಸೇಂಟ್ ಮೇರೀಸ್ ಶಾಲೆಯ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟ್, ಈ ಕೆಲಸವನ್ನು ರಜಾದಿನ ಹಾಗೂ ಪಾಠವಿಲ್ಲದ ದಿನಗಳಲ್ಲಿ ವಹಿಸಬೇಕು, ಸಾಮಾನ್ಯವಾಗಿ ಪಾಠದ ವೇಳೆಯಲ್ಲಿ ವಹಿಸಬಾರದು ಎಂದಿತು. ಮತದಾರರ ಪಟ್ಟಿಯ ಕೆಲಸಕ್ಕಾಗಿ ತರಗತಿಗಳು ದಿನಗಟ್ಟಲೆ ಖಾಲಿ ಬಿದ್ದರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಹಾಗೂ ಜಿಲ್ಲಾಧಿಕಾರಿಗೆ ಕಳಿಸಿ.

ಮತದಾನದ ದಿನಕ್ಕೆಂದು ಹಲಗೆ ಜೋಡಿಸಿದ ರ‍್ಯಾಂಪ್ ಮರುದಿನ ಇರುವುದಿಲ್ಲ. ಮನವಿ ಬರೆಯುವಾಗ ಕಾಯಂ ರ‍್ಯಾಂಪ್, ಕಾಯಂ ಶೌಚಾಲಯವನ್ನೇ ಕೇಳಿ. ಮತದಾರರ ಜೊತೆಗೆ ಆ ಶಾಲೆಯ ಮಕ್ಕಳಿಗೂ ಅದು ಸಲ್ಲಬೇಕಾದದ್ದು.