ಮೂಗಿಗಿಂತ ಮೂಗುತಿ ಭಾರವೇ? ಏರ್‌ಗನ್‌ಗೆ ಅಗ್ಗದ ಸ್ಕೋಪ್ ಕೊಳ್ಳುವ ಮುನ್ನ ಒಂದು ಲೆಕ್ಕ

ಡೆಟ್ರಾಯ್ಟ್ ಪಕ್ಕದ ಕ್ಯಾಂಟನ್‌ನಲ್ಲಿರುವ ಗೆಳೆಯರೊಬ್ಬರು ಕಳೆದ ತಿಂಗಳು ಫೋನ್ ಮಾಡಿದ್ದರು. "ಸಾರ್, 140 ಡಾಲರ್ ಕೊಟ್ಟು ಏರ್ ರೈಫಲ್ ತಗೊಂಡೆ. ಜೊತೆಗೆ ಬಂದ ಸ್ಕೋಪ್ ನಿಲ್ತಾನೇ ಇಲ್ಲ, ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ಹೊಡೆಯುತ್ತೆ. ಒಳ್ಳೇದು ಬೇಕಂದ್ರೆ 150 ಡಾಲರ್ ಅಂತಾರೆ. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ? 60 ಡಾಲರ್‌ದು ಸಾಕಲ್ವಾ?"

ಪ್ರಶ್ನೆ ಸಣ್ಣದು. ಆದರೆ ಕಾರಿನ ಟೈರು, ವಿಮೆ, ಮ್ಯೂಚುವಲ್ ಫಂಡ್, ಏನು ಕೊಳ್ಳುವಾಗಲೂ ನಾವು ಎಡವುವುದು ಇಲ್ಲೇ. ಬೆಲೆ ಕಣ್ಣಿಗೆ ಕಾಣುತ್ತದೆ, ಮೌಲ್ಯ ಕಾಣುವುದಿಲ್ಲ. ಆದ್ದರಿಂದ ಇವತ್ತು ಈ ಸ್ಕೋಪನ್ನೇ ಪಾಠವಾಗಿ ಇಟ್ಟುಕೊಳ್ಳೋಣ.

ಬಿಟ್ಟಿ ಬಂದದ್ದರ ಬೆಲೆ ಎಷ್ಟು?

ಕ್ಯಾಂಟನ್‌ಗೆ ಅಂಟಿಕೊಂಡೇ ಇರುವ ಊರು ಪ್ಲಿಮತ್. 1880ರ ದಶಕದಲ್ಲಿ ಅಲ್ಲೊಂದು ಗಾಳಿಯಂತ್ರದ ಕಂಪನಿ ಇತ್ತು. ಗಾಳಿಯಂತ್ರ ಕೊಂಡ ರೈತರಿಗೆ ಅದು ಉಡುಗೊರೆಯಾಗಿ ಒಂದು ಏರ್‌ಗನ್ ಕೊಡತೊಡಗಿತು. ಉಡುಗೊರೆಗೇ ಬೇಡಿಕೆ ಹೆಚ್ಚಿ, 1895ರಲ್ಲಿ ಕಂಪನಿ ಹೆಸರನ್ನೇ ಡೇಸಿ ಎಂದು ಬದಲಾಯಿಸಿಕೊಂಡಿತು. 1958ರಲ್ಲಿ ಅರ್ಕನ್ಸಾ ರಾಜ್ಯದ ರಾಜರ್ಸ್‌ಗೆ ಹೋಗುವವರೆಗೂ ಡೇಸಿ ಏರ್‌ಗನ್‌ಗಳು ತಯಾರಾಗುತ್ತಿದ್ದುದು ಪ್ಲಿಮತ್‌ನಲ್ಲೇ.

ಆಗ ಗಾಳಿಯಂತ್ರದ ಜೊತೆ ಗನ್ ಬಿಟ್ಟಿ. ಈಗ ಗನ್ ಜೊತೆ ಸ್ಕೋಪ್ ಬಿಟ್ಟಿ. ಡೇಸಿಯ ಉಡುಗೊರೆ ಕೆಲಸಕ್ಕೆ ಬಂತು ಎಂದು ಎಲ್ಲ ಉಡುಗೊರೆಯೂ ಬರುವುದಿಲ್ಲ. ಕಾಂಬೋ ಪೆಟ್ಟಿಗೆಯ ಸ್ಕೋಪಿಗೆ ನಿಮ್ಮ ಲೆಕ್ಕದಲ್ಲಿ ಸೊನ್ನೆ ಬೆಲೆ ಹಾಕಿ. ಕೆಲಸ ಮಾಡಿದರೆ ಲಾಭ, ಮಾಡದಿದ್ದರೆ ನಷ್ಟವಿಲ್ಲ. "50 ಡಾಲರ್ ಸ್ಕೋಪ್ ಉಚಿತ" ಎಂಬ ಮಾತಿಗೆ ಮರುಳಾಗಿ ಗನ್ನಿಗೆ ಹೆಚ್ಚು ಕೊಡಬೇಡಿ.

ಇನ್ನೊಂದು ಮಾತು. ಸ್ಕೋಪ್ ಬೇಕೇ ಬೇಕು ಎಂದೇನೂ ಇಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದೊಡ್ಡದಾಗಿ ತೋರಿಸುವ ಸ್ಕೋಪಿಗೆ ಅವಕಾಶವೇ ಇಲ್ಲ. ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿದ ನಮ್ಮ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದದ್ದೂ ಬರೀ ಕಬ್ಬಿಣದ ಗುರಿಕಟ್ಟಿನಿಂದಲೇ. ನೆಲಮಾಳಿಗೆಯಲ್ಲಿ 10 ಗಜಕ್ಕೆ ಹೊಡೆಯುವವರು ಮೊದಲು ಈ ಖರ್ಚಿಲ್ಲದ ದಾರಿ ನೋಡಬಹುದು.

ಹಣ ಯಾವುದಕ್ಕೆ ಕೊಡಬೇಕು?

ಅಗ್ಗದ ಸ್ಕೋಪ್‌ಗಳ ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಇರುವುದು "ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ" ಎಂಬುದು. ಏರ್‌ಗನ್‌ಗೆ ಅದು ಕೊನೆಯ ವಿಷಯ. ಮೊದಲು ನೋಡಬೇಕಾದದ್ದು ಮೂರು.

ಒಂದು, ಪ್ಯಾರಲಾಕ್ಸ್. ಕಣ್ಣು ಸ್ಕೋಪಿನ ನಡುವಿನಿಂದ ಸ್ವಲ್ಪ ಸರಿದರೆ ಗುರಿಯ ಮೇಲಿನ ಅಡ್ಡಗೆರೆಯೂ ಸರಿದಂತೆ ಕಾಣುತ್ತದೆ. ದೊಡ್ಡ ರೈಫಲ್‌ಗಳ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. ನಾವು ಹೊಡೆಯುವುದು 10ರಿಂದ 40 ಗಜಕ್ಕೆ. ಅತಿ ಹೆಚ್ಚೆಂದರೆ ಎಷ್ಟು ತಪ್ಪಾಗಬಹುದು ಎಂಬ ಲೆಕ್ಕ ಸುಲಭ: ಮುಂದಿನ ಗಾಜಿನ ಅರ್ಧ ಅಗಲವನ್ನು, ದೂರದ ವ್ಯತ್ಯಾಸದಿಂದ ಗುಣಿಸಿ, ಹೊಂದಿಸಿದ ದೂರದಿಂದ ಭಾಗಿಸಿ. 40 ಮಿ.ಮೀ. ಗಾಜು, 100 ಗಜಕ್ಕೆ ಹೊಂದಿಸಿದ್ದು, ಗುರಿ 25 ಗಜದಲ್ಲಿ ಎಂದರೆ 20 × 75 ÷ 100 = 15 ಮಿ.ಮೀ. ಕ್ವಾರ್ಟರ್ ನಾಣ್ಯದ ನಡುವಿನಿಂದ ಅಂಚಿಗೆ ಸುಮಾರು 12 ಮಿ.ಮೀ. ಅಂದರೆ ನಾಣ್ಯದ ನಟ್ಟನಡುವೆ ಗುರಿಯಿಟ್ಟರೂ ಪೆಲೆಟ್ ಆಚೆ ಹೋಗಬಹುದು. ಅದೇ 35 ಗಜಕ್ಕೆ ಹೊಂದಿಸಿದ 32 ಮಿ.ಮೀ. ಏರ್‌ಗನ್ ಸ್ಕೋಪಿನಲ್ಲಿ ತಪ್ಪು 5 ಮಿ.ಮೀ. ಒಳಗೇ. ಇದು ಬೆಲೆಯ ಮಾತಲ್ಲ, ಹೊಂದಿಕೆಯ ಮಾತು. 10 ಗಜದವರೆಗೂ ತಿರುಗಿಸಿ ಹೊಂದಿಸುವ ಮುಂದಿನ ಉಂಗುರ ಇದ್ದರೆ ಇನ್ನೂ ಒಳ್ಳೆಯದು.

ಎರಡು, ಒದೆತ ತಡೆಯುವ ಶಕ್ತಿ. ಸಿಡಿಮದ್ದಿನ ರೈಫಲ್ ಹಿಂದಕ್ಕೆ ಒದೆಯುತ್ತದೆ. ಸ್ಪ್ರಿಂಗ್ ಏರ್‌ಗನ್ ಹಾಗಲ್ಲ. ಪಿಸ್ಟನ್ ಮುಂದೆ ನುಗ್ಗುವಾಗ ಗನ್ ಹಿಂದಕ್ಕೆ, ಪಿಸ್ಟನ್ ತುದಿಯಲ್ಲಿ ನಿಂತಾಗ ಮುಂದಕ್ಕೆ, ಹೀಗೆ ಎರಡು ಕಡೆ ಜಗ್ಗುತ್ತದೆ. ಒಂದೇ ಕಡೆಯ ಒದೆತಕ್ಕೆ ಕಟ್ಟಿದ ಸ್ಕೋಪಿನ ಒಳಭಾಗ ಇದರಲ್ಲಿ ಸಡಿಲವಾಗುತ್ತದೆ. ಗ್ಯಾಸ್ ಪಿಸ್ಟನ್ ಗನ್ನಿಗೂ ಇದೇ ಮಾತು. ಮೊದಲೇ ಗಾಳಿ ತುಂಬಿಡುವ ಪಿಸಿಪಿ ಗನ್ನಿಗೆ ಒದೆತ ಇಲ್ಲವೇ ಇಲ್ಲ ಎನ್ನಬಹುದು. ಆದ್ದರಿಂದ ಒಂದು ವಿಚಿತ್ರ: ದುಬಾರಿ ಪಿಸಿಪಿ ಗನ್ನಿಗೆ ಅಗ್ಗದ ಸ್ಕೋಪ್ ನಡೆಯುತ್ತದೆ, ಅಗ್ಗದ ಸ್ಪ್ರಿಂಗ್ ಗನ್ನಿಗೇ ಗಟ್ಟಿ ಸ್ಕೋಪ್ ಬೇಕು.

ಮೂರು, ಕ್ಲಿಕ್‌ಗಳ ನಂಬಿಕೆ. ತಿರುಗಿಸಿದಷ್ಟು ಸರಿಯಬೇಕು, ವಾಪಸ್ ತಿರುಗಿಸಿದರೆ ಮೊದಲಿದ್ದಲ್ಲಿಗೇ ಬರಬೇಕು.

60 ಡಾಲರೋ 150 ಡಾಲರೋ?

ಈಗ ನಮ್ಮ ಕಸುಬಿನ ಲೆಕ್ಕ. ಇಲ್ಲಿನ ಅಂಕಿಗಳು ಉದಾಹರಣೆಗೆ ಹಿಡಿದವು, ನಿಮ್ಮವನ್ನು ನೀವು ಹಾಕಿಕೊಳ್ಳಿ.

60 ಡಾಲರ್ ಸ್ಕೋಪ್ ಕೊಂಡಿರಿ. ಅದು ಕೆಟ್ಟರೆ 150ರದ್ದು ಕೊಳ್ಳುತ್ತೀರಿ. ಕೆಡುವ ಸಂಭವ 20% ಎಂದರೆ ನಿರೀಕ್ಷಿತ ಖರ್ಚು 60 + 30 = 90 ಡಾಲರ್. 60% ಆದಾಗ 60 + 90 = 150, ಅಂದರೆ ಎರಡೂ ಸಮ. ಇಷ್ಟೇ ನೋಡಿದರೆ ಅಗ್ಗದ್ದೇ ಗೆಲ್ಲುತ್ತದೆ.

ಆದರೆ ಮರುಮಾರಾಟ ಸೇರಿಸಿ ನೋಡಿ. ಎರಡು ವರ್ಷ ಬಿಟ್ಟು ಒಳ್ಳೆಯ ಸ್ಕೋಪ್ 90 ಡಾಲರಿಗೆ, ಅಗ್ಗದ್ದು 10 ಡಾಲರಿಗೆ ಹೋಗುತ್ತದೆ ಎಂದುಕೊಳ್ಳಿ. ಆಗ ಒಳ್ಳೆಯದರ ನಿಜ ಖರ್ಚು 60. ಅಗ್ಗದ್ದು ಉಳಿದರೆ ಖರ್ಚು 50, ಕೆಟ್ಟರೆ 60 + 60 = 120. ಇವೆರಡೂ ಸಮವಾಗುವುದು ಕೆಡುವ ಸಂಭವ ಏಳರಲ್ಲಿ ಒಂದು, ಅಂದರೆ ಸುಮಾರು 14% ಇದ್ದಾಗ. ಅದಕ್ಕಿಂತ ಹೆಚ್ಚಿದ್ದರೆ ದುಬಾರಿಯದೇ ಅಗ್ಗ!

60%ರಿಂದ 14%ಕ್ಕೆ ಇಳಿಸಿದ್ದು ಮರುಮಾರಾಟ ಎಂಬ ಒಂದೇ ಅಂಶ. ಹಳೆಯ ಟೊಯೊಟಾ ಕಾರು ಕೊಂಡವರಿಗೆ ಈ ಪಾಠ ಹೊಸದಲ್ಲ. ಹಾಗಾಗಿ ತೀರ್ಮಾನ ಗನ್ ನೋಡಿ ಆಗಬೇಕು. ಪಿಸಿಪಿ ಅಥವಾ ಮೆದು ಗನ್ ಆದರೆ ಕೆಡುವ ಸಂಭವ ಕಡಿಮೆ, 60ರದ್ದು ಸಾಕು. ಜೋರಾಗಿ ಒದೆಯುವ ಸ್ಪ್ರಿಂಗ್ ಗನ್ ಆದರೆ 150ರದ್ದು. ಮಾರುವ ಅಭ್ಯಾಸವೇ ನಿಮಗಿಲ್ಲ ಎಂದರೆ ಮೊದಲ ಲೆಕ್ಕವೇ ನಿಮ್ಮದು.

ತೆರಿಗೆ ಮರೆಯಬೇಡಿ. ಮಿಷಿಗನ್‌ನಲ್ಲಿ 6% ಸೇರಿ 150 ಡಾಲರ್ 159 ಆಗುತ್ತದೆ, ಶಿಕಾಗೋ ನಗರದಲ್ಲಿ ತೆರಿಗೆ ಸೇರಿ 165 ದಾಟುತ್ತದೆ. ವಾರಂಟಿ "ಜೀವನಪರ್ಯಂತ" ಎಂದಿದ್ದರೂ ಸ್ಪ್ರಿಂಗ್ ಏರ್‌ಗನ್ ಬಳಕೆ ಅದರೊಳಗೆ ಬರುತ್ತದೆಯೇ ಎಂದು ಓದಿ ನೋಡಿ.

ವಾಪಸ್ ಕೊಡುವ ಅವಧಿಯೊಳಗೆ

ಯಾವುದೇ ಸ್ಕೋಪ್ ಕೊಂಡರೂ ಮೊದಲ ವಾರವೇ ಈ ನಾಲ್ಕು ಕೆಲಸ ಮಾಡಿ.

1. ಸ್ಕೋಪ್ ಹಿಡಿದಿರುವ ಎಲ್ಲ ಸ್ಕ್ರೂ ಬಿಗಿಯಾಗಿವೆಯೇ ನೋಡಿ. ಎಷ್ಟೋ "ಕೆಟ್ಟ ಸ್ಕೋಪ್"ಗಳ ಕಾಯಿಲೆ ಇಷ್ಟೇ.

2. ಗನ್ನನ್ನು ಮರಳುಚೀಲದ ಮೇಲಿಟ್ಟು, ಮುಟ್ಟದೆ, ನಿಮ್ಮ ದೂರದ ಗುರಿ ನೋಡುತ್ತಾ ತಲೆಯನ್ನು ಮೇಲೆ ಕೆಳಗೆ ಆಡಿಸಿ. ಅಡ್ಡಗೆರೆ ಗುರಿಯ ಮೇಲೆ ಓಡಾಡಿದರೆ ಪ್ಯಾರಲಾಕ್ಸ್ ಹೊಂದಿಲ್ಲ.

3. ಕಾಲು ಎಂಒಎ ಕ್ಲಿಕ್‌ನ ಸ್ಕೋಪಿನಲ್ಲಿ 25 ಗಜಕ್ಕೆ 16 ಕ್ಲಿಕ್ ಎಂದರೆ ಸುಮಾರು 1 ಇಂಚು. ಐದು ಪೆಲೆಟ್ ಹೊಡೆಯಿರಿ. 32 ಕ್ಲಿಕ್ ಬಲಕ್ಕೆ, ಮತ್ತೆ ಐದು. ಹೀಗೇ ಮೇಲೆ, ಎಡಕ್ಕೆ, ಕೆಳಗೆ. ಪ್ರತಿ ಸಲವೂ ಒಂದೇ ಕಡೆ ಗುರಿಯಿಡಿ. 2 ಇಂಚಿನ ಚೌಕ ಮೂಡಿ, ಕೊನೆಯ ಐದು ಮೊದಲ ಐದರ ಮೇಲೇ ಬೀಳಬೇಕು.

4. ನೂರು ಪೆಲೆಟ್ ಹೊಡೆದು ಮತ್ತೆ ನೋಡಿ. ಗುರಿ ಸರಿದಿದ್ದರೆ ರಸೀದಿ ಹುಡುಕಿ.

ಕಾನೂನಿನ ಖರ್ಚು

ಇದು ಎಲ್ಲಕ್ಕಿಂತ ದುಬಾರಿಯಾಗಬಹುದಾದ ಭಾಗ. ನೇಪರ್‌ವಿಲ್, ಅರೋರಾ, ಶಾಂಬರ್ಗ್‌ನಲ್ಲಿರುವವರು ಗಮನಿಸಿ. ಇಲಿನಾಯ್ ಕಾನೂನಿನಲ್ಲಿ ಸೆಕೆಂಡಿಗೆ 700 ಅಡಿಗಿಂತ ಕಡಿಮೆ ವೇಗದ ಏರ್‌ಗನ್ ಬಂದೂಕಿನ ವ್ಯಾಖ್ಯೆಯಿಂದ ಹೊರಗಿದೆ. ಪೆಟ್ಟಿಗೆ ಮೇಲೆ 1000 ಅಡಿ ಎಂದು ಬರೆದ ಪೆಲೆಟ್ ರೈಫಲ್‌ಗೆ ಎಫ್‌ಒಐಡಿ ಕಾರ್ಡಿನ ಪ್ರಶ್ನೆ ಏಳುತ್ತದೆ. ಎಚ್-1ಬಿ ತರಹದ ವೀಸಾದಲ್ಲಿರುವವರಿಗೆ ಆ ಕಾರ್ಡ್ ಕೆಲವು ವಿನಾಯಿತಿಗಳಲ್ಲಿ ಮಾತ್ರ ಸಿಗುತ್ತದೆ. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿರುವವರು 140 ಡಾಲರ್ ಆಟದ ವಸ್ತುವಿಗಾಗಿ ಈ ಅಪಾಯ ತಂದುಕೊಳ್ಳಬಾರದು. 700 ಅಡಿಯ ಒಳಗಿನ ಗನ್ ತಗೊಳ್ಳಿ. ಅದರ ಒದೆತವೂ ಮೆದು, ಸ್ಕೋಪಿನ ಖರ್ಚೂ ಕಡಿಮೆ.

ಮಿಷಿಗನ್‌ನಲ್ಲಿ 2015ರಿಂದ ಏರ್‌ಗನ್ ಬಂದೂಕಿನ ವ್ಯಾಖ್ಯೆಯಲ್ಲಿಲ್ಲ. ಆದರೆ ಮನೆಗಳು ಒತ್ತೊತ್ತಾಗಿರುವ ಕಡೆ ಹೊಡೆಯುವುದನ್ನು ನಗರಾಡಳಿತ ನಿಷೇಧಿಸಬಹುದು. ಎರಡೂ ರಾಜ್ಯಗಳಲ್ಲಿ ಹಿತ್ತಲಿಗೆ ಇಳಿಯುವ ಮೊದಲು ನಿಮ್ಮ ಊರಿನ ನಿಯಮ ಓದಿ.

ಊರಿನಲ್ಲಿರುವ ತಮ್ಮನಿಗೋ ಮಾವನಿಗೋ ಕೊಡಲೆಂದು ಸ್ಕೋಪನ್ನು ಸೂಟ್‌ಕೇಸಿಗೆ ತುರುಕಬೇಡಿ. ರೈಫಲ್ ಸ್ಕೋಪ್‌ಗಳು ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ. ಬಾದಾಮಿ, ಚಾಕೊಲೇಟ್ ಸಾಕು.

ಗೆಳೆಯರದು ಏನಾಯಿತು?

ಮೊದಲು ಸ್ಕ್ರೂ ನೋಡಿ ಎಂದೆ. ಎರಡು ಸಡಿಲವಿದ್ದವು. ಬಿಗಿ ಮಾಡಿದ ಮೇಲೆ ಅರ್ಧ ಕಾಯಿಲೆ ಬಿಟ್ಟಿಯಾಗಿ ವಾಸಿಯಾಯಿತು. ಆದರೂ ನೂರು ಪೆಲೆಟ್ ಆಗುವಷ್ಟರಲ್ಲಿ ಗುರಿ ಮತ್ತೆ ಸರಿಯಿತು. ಅವರದು ಜೋರು ಸ್ಪ್ರಿಂಗ್ ಗನ್. ಏರ್‌ಗನ್‌ಗೆಂದೇ ಕಟ್ಟಿದ, 10 ಗಜಕ್ಕೂ ಹೊಂದುವ 150ರದ್ದನ್ನೇ ಕೊಂಡರು. ಮೂಗಿಗಿಂತ ಮೂಗುತಿ ಭಾರ, ನಿಜ. ಆದರೆ ಈ ಮೂಗು ಹೋದ ಮೇಲೂ ಮೂಗುತಿ ಇನ್ನೊಂದು ಮೂಗಿಗೆ ಆಗುತ್ತದೆ.

ಪಿಸಿಪಿ ಇಟ್ಟುಕೊಂಡಿರುವ ನೇಪರ್‌ವಿಲ್‌ನ ಇನ್ನೊಬ್ಬರಿಗೆ 60ರದ್ದೇ ಸಾಕು ಎಂದು ಹೇಳಿದ್ದೇನೆ. ಕೇಳಿದ ಪ್ರಶ್ನೆ ಇಬ್ಬರದೂ ಒಂದೇ. ಉತ್ತರ ಬೇರೆಯಾದದ್ದು ಗನ್ ಬೇರೆಯಾದ್ದರಿಂದ.